ಸ್ತ್ರೀಸಾಧನೆಯ ನಾಲ್ಕು ನಿದರ್ಶನಗಳು

(ಮಹೋತ್ಸವದ ಮಹಿಳಾಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಪ್ರಸಿದ್ಧ ಸ್ತ್ರೀಯರ ಸಾಧನೆ ಎಂಬ ವಿಷಯವು ಬಹು ವಿಸ್ತಾರವಾದುದು. ಕಲೆ, ವಿಜ್ಞಾನ, ರಾಜಕಾರಣ, ಕ್ರೀಡೆ ಎಂಬ ನಾಲ್ಕು ಕ್ಷೇತ್ರಗಳಲ್ಲಿ ಹೆಸರು ಪಡೆದ ಮಹಿಳೆಯರ ನಾಮಾವಳಿಯನ್ನು ಓದುತ್ತ ಹೋದರೆ ಈ ಸಭೆಯ ಕಾಲವೆಲ್ಲವೂ ಅದಕ್ಕೇ ಸಂದು ಹೋದೀತು. ನಾಮಾವಳಿಯಿಂದಾಗುವ ಲಾಭವಾದರೂ ಏನು? ಕೇಳಿದವರು ತಲೆದೂಗಿ ಮನೆಗೆ ಹೋಗುವರು. ಮನೆಯಲ್ಲಿ ಎಲ್ಲವೂ ಹಿಂದಿನಂತೆಯೇ ನಡೆಯುವುದು. ಆದುದರಿಂದ ಒಂದೊಂದು ಕ್ಷೇತ್ರದಿಂದ ಮುಖ್ಯವಾಗಿ ಒಬ್ಬೊಬ್ಬರನ್ನು ಆರಿಸಿಕೊಂಡು, ಅವರು ಏನನ್ನು ಸಾಧಿಸಿದರೆಂಬುದರ ಜೊತೆಗೆ, ಅವರ ದಾರಿಗೆ ಅಡ್ಡವಾಗಿ ನಿಂತಿದ್ದುದು ಯಾವುದು, ಆ ಅಡ್ಡಿಯನ್ನು ದಾಟುವಾಗ ಅವರಿಗೆ ಕೈಗೊಟ್ಟವರು ಯಾರು ಎಂಬುದನ್ನು ವಿಚಾರಿಸುವುದು ಹೆಚ್ಚು ಪ್ರಯೋಜನಕರವಾದೀತು. ಈ ನಾಲ್ವರೂ ಕನ್ನಡ ನೆಲದಲ್ಲಿ ಹುಟ್ಟಿದವರು ಇಲ್ಲವೆ ಕನ್ನಡ ನೆಲದಲ್ಲಿ ಕಲಿತು ಬೆಳೆದವರು.

ಸ್ತ್ರೀಯರಲ್ಲಿ ಪ್ರತಿಭೆಯಿದೆಯೆ ಎಂಬ ಪ್ರಶ್ನೆಯನ್ನು ಈ ಸಭೆಯಲ್ಲಿ ಎತ್ತುವ ಅಗತ್ಯವೇ ಇಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ಆ ಪ್ರಶ್ನೆಗೆ ಉತ್ತರವು ದೊರೆತು ಹೋಗಿದೆ. ಉಡುತಡಿಯ ಅಕ್ಕಮಹಾದೇವಿಯಿಂದ ಮೊದಲುಗೊಂಡು ಅಕ್ಕಿಯನ್ನು ಆಯ್ದು ತರುವ ಕಾಯಕದ ಆಯ್ದಕ್ಕಿ ಲಕ್ಕಮ್ಮನವರೆಗೆ ಮೂವತ್ತಕ್ಕೂ ಹೆಚ್ಚು ಮಂದಿ ಶರಣೆಯರ ವಚನಗಳು ದೊರೆತಿರುವುವು. ಇವರಲ್ಲಿ ಅರಸರ ಮನೆಯ ಸಂಬಂಧವುಳ್ಳವರಿದ್ದರು. ದಿನದ ಕೂಳನ್ನು ದಿನವೇ ದುಡಿಯುವವರೂ ಇದ್ದರು. ಆದರೆ ಅವರ ತರುವಾಯದ ಶತಮಾನಗಳಲ್ಲಿ ಕನ್ನಡದಲ್ಲಿ ಬರೆದ ಸ್ತ್ರೀಯರನ್ನು ಹುಡುಕುತ್ತ ಹೋದರೆ ಅಲ್ಲೊಬ್ಬರು ಇಲ್ಲೊಬ್ಬರು ಕಾಣುವರೇ ಹೊರತು ಅಂತಹ ಸಮೂಹವೊಂದು ಮತ್ತೆ ಬಹುಕಾಲ ಕಾಣುವುದಿಲ್ಲ. ಪ್ರತಿಭೆಯು ಒಂದು ಶತಮಾನದಲ್ಲಿ ಹುಟ್ಟಿ ಮುಂದಿನ ಶತಮಾನದಲ್ಲಿ ಬತ್ತಿಹೋಗುವ ವಸ್ತುವೆ? ಅಲ್ಲ. ಬತ್ತಿದುದು ಪ್ರತಿಭೆಯಲ್ಲ, ಅವಕಾಶ. ಕುಳಿತು ಮಾತನಾಡಲು ಸ್ಥಳವಿದ್ದಾಗ ಅವರು ಮಾತನಾಡಿದರು. ಸ್ಥಳವು ಇಲ್ಲವಾದಾಗ ಅವರ ಮಾತು ಬರಹಕ್ಕೆ ಬರಲಿಲ್ಲ. ಈ ಒಂದು ತತ್ತ್ವವನ್ನು ಮನಸ್ಸಿನಲ್ಲಿಟ್ಟುಕೊಂಡು ಇಪ್ಪತ್ತನೆಯ ಶತಮಾನದ ನಾಲ್ಕು ಜೀವನಗಳನ್ನು ನೋಡಬಹುದು.

ಮೊದಲನೆಯದಾಗಿ ಕಲೆ. 1913ನೆಯ ಇಸವಿ ಮಾರ್ಚ್ 5ರಂದು ಧಾರವಾಡದಲ್ಲಿ ಅಂಬಾಬಾಯಿಯವರ ಮಗಳಾಗಿ ಗಂಗೂಬಾಯಿ ಹಾನಗಲ್ಲರು ಜನಿಸಿದರು. ಅಂಬಾಬಾಯಿಯವರು ಕರ್ನಾಟಕ ಸಂಗೀತದಲ್ಲಿ ಒಳ್ಳೆಯ ಪರಿಶ್ರಮವುಳ್ಳವರು. ಕಿರಾಣಾ ಘರಾಣೆಯ ಮಹಾಗಾಯಕರಾದ ಅಬ್ದುಲ್ ಕರೀಂಖಾನರು ಧಾರವಾಡಕ್ಕೆ ಬಂದಾಗ ಅವರ ಹಾಡನ್ನು ಕೇಳಿ ಹೋಗುತ್ತಿದ್ದರು. ಆದರೆ ಹಾಡುವ ಹೆಂಗಸಿಗೆ ಆಗಿನ ಸಮಾಜವು ಕೊಟ್ಟ ಸ್ಥಾನವೇ ಬೇರೆ. ಅವಳ ಹಾಡು ಬೇಕು, ಅವಳು ಬೇಡ ಎಂಬಂತಹ ನಡತೆ. ಬಾಲಕಿಯಾದ ಗಂಗೂಬಾಯಿಯವರು ನೆರೆಯವರ ತೋಟದಲ್ಲಿ ಮಾವಿನಹಣ್ಣಿಗೆ ಕೈಹಾಕಿ ಸಿಕ್ಕಿಬಿದ್ದಾಗ, ಹಣ್ಣು ಹೋಯಿತಲ್ಲಾ ಎಂಬುದಕ್ಕಿಂತ, ಹಾಡುವವಳ ಮಗಳು ತೋಟದೊಳಗೆ ಕಾಲಿಟ್ಟಳಲ್ಲಾ ಎಂಬುದೇ ತೋಟದವರಿಗೆ ದೊಡ್ಡ ಅಪರಾಧವಾಗಿ ಕಂಡಿತು. ಬೀದಿಯಲ್ಲಿ ನಡೆದರೆ ಗಾನೇವಾಲಿ ಎಂದು ಕೂಗುವವರಿದ್ದರು.

1924ರಲ್ಲಿ ಬೆಳಗಾವಿಯಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನವು ಸೇರಿತು. ಅಲ್ಲಿ ಸ್ವಾಗತಗೀತೆ ಹಾಡಿದ ಬಾಲಿಕೆಯರಲ್ಲಿ ಹನ್ನೊಂದು ವರ್ಷದ ಗಂಗೂಬಾಯಿಯವರೂ ಒಬ್ಬರು. ಮಹಾತ್ಮರ ಎದುರಿನಲ್ಲಿ ಹಾಡುವ ಭಾಗ್ಯವು ದೊರೆತ ಆ ಮಗುವಿನ ಮನಸ್ಸಿನಲ್ಲಿ ಇದ್ದುದು ಹಿಗ್ಗು ಒಂದೇ ಅಲ್ಲ. ಉಂಡವರ ಎಲೆಗಳನ್ನು ತನ್ನಿಂದ ಎತ್ತಿಸುವರೋ ಏನೋ ಎಂಬ ಅಂಜಿಕೆಯೂ ಇದ್ದಿತೆಂದು ಅವರು ಮುಂದೆ ಹಲವು ವರ್ಷಗಳ ಮೇಲೆ ನೆನೆದುಕೊಂಡಿದ್ದಾರೆ. ಹಾಡುವ ಕಂಠಕ್ಕೆ ವೇದಿಕೆ, ಹಾಡಿದವಳಿಗೆ ಎಂಜಲೆಲೆಯ ಭಯ. ಆ ಕಾಲದ ಸ್ಥಿತಿಯು ಇದಾಗಿದ್ದಿತು.

ಈ ಮಗಳಿಗೆ ಮೊದಲು ಕೈಗೊಟ್ಟವರು ತಾಯಿ. ಮಗಳ ಒಲವು ಹಿಂದುಸ್ಥಾನಿ ಪದ್ಧತಿಯ ಕಡೆಗೆ ಇರುವುದನ್ನು ಕಂಡು, ತಮ್ಮ ಕರ್ನಾಟಕ ಶೈಲಿಯ ನೆರಳು ಅವಳ ಹಾಡಿನ ಮೇಲೆ ಬೀಳಬಾರದೆಂದು ಅಂಬಾಬಾಯಿಯವರು ಮನೆಯಲ್ಲಿ ತಮ್ಮ ಹಾಡನ್ನೇ ನಿಲ್ಲಿಸಿಬಿಟ್ಟರು. ಕಲಾವಿದೆಯೊಬ್ಬಳು ತನ್ನ ಕಲೆಯನ್ನು ಮಗಳಿಗಾಗಿ ಮೌನದಲ್ಲಿ ಅಡಗಿಸಿಟ್ಟಳೆಂದರೆ ಅದು ಎಂತಹ ತ್ಯಾಗವೆಂಬುದನ್ನು ತಾಯಂದಿರೇ ಊಹಿಸಿಕೊಳ್ಳಬೇಕು. ಮಗಳ ಶಿಕ್ಷಣಕ್ಕಾಗಿಯೇ ಸಂಸಾರವು 1928ರಲ್ಲಿ ಹುಬ್ಬಳ್ಳಿಗೆ ಬಂದಿತು. ಹುಲಗೂರು ಕೃಷ್ಣಾಚಾರ್ಯರಲ್ಲಿ, ದತ್ತೋಪಂತ ದೇಸಾಯರಲ್ಲಿ ಪಾಠವಾಯಿತು. ಆ ಬಳಿಕ ಸವಾಯಿ ಗಂಧರ್ವರೆಂದು ಪ್ರಸಿದ್ಧರಾದ ಕುಂದಗೋಳದ ರಾಮಭಾವು ಅವರು ಗುರುಗಳಾಗಿ ದೊರೆತರು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ, ಪಾಠ ಕೇಳಿ, ಮತ್ತೆ ರೈಲಿನಲ್ಲಿ ಮರಳುವುದು ಅವರ ನಿತ್ಯವ್ರತವಾಯಿತು. ಮನೆಯಲ್ಲಿ ಸಣ್ಣ ಮಕ್ಕಳು; ಬೀದಿಯಲ್ಲಿ ಆಡಿಕೊಳ್ಳುವ ಜನ; ಎದುರಿಗೆ ಒಂದು ಸ್ವರವು ಸರಿಬರುವವರೆಗೆ ಮುಂದಕ್ಕೆ ಹೋಗಗೊಡದ ಗುರು. ಜಿಪುಣನು ಹಣವನ್ನು ಎಣಿಸಿ ಎಣಿಸಿ ಬಿಚ್ಚುವಂತೆ ರಾಗದ ಸ್ವರಗಳನ್ನು ಒಂದೊಂದಾಗಿ ಬಿಚ್ಚಬೇಕೆಂಬುದು ಆ ಗುರುಗಳಿಂದ ಕಲಿತ ಪಾಠವೆಂದು ಅವರು ಹೇಳುತ್ತಿದ್ದರು.

ಇಷ್ಟಾದ ಮೇಲೆ ವಿಧಿಯು ಇನ್ನೊಂದು ಪರೀಕ್ಷೆಯನ್ನು ಒಡ್ಡಿತು. ಗಂಟಲಿನ ಬೇನೆಗಾಗಿ ಶಸ್ತ್ರಚಿಕಿತ್ಸೆಯಾಗಿ, ಎಳೆಯದಾಗಿ ಎತ್ತರದಲ್ಲಿ ಹರಿಯುತ್ತಿದ್ದ ಧ್ವನಿಯು ಗಂಡುಧ್ವನಿಯಂತೆ ಗಡಸಾಗಿ ತಗ್ಗಿಗೆ ಇಳಿಯಿತು. ಹೆಣ್ಣಿನ ಕಂಠವೆಂದರೆ ಕೋಗಿಲೆಯಂತೆ ಇರಬೇಕೆಂದು ಜನರು ನಂಬಿದ್ದ ಕಾಲವದು. ಬೇರೆಯವರಾಗಿದ್ದರೆ ತಂಬೂರಿಯನ್ನು ಮೂಲೆಗೆ ಇಡುತ್ತಿದ್ದರು. ಅವರು ಹೊಸ ಧ್ವನಿಯನ್ನೇ ತಮ್ಮ ಧ್ವನಿಯೆಂದು ಒಪ್ಪಿ, ಅದಕ್ಕೆ ತಕ್ಕ ಗಂಭೀರವಾದ ಗಾಯನವನ್ನು ಬೆಳೆಸಿದರು. ಆ ಕಂಠವೇ ಮುಂದೆ ಅವರ ಗುರುತಾಯಿತು. 1971ರಲ್ಲಿ ಪದ್ಮಭೂಷಣ, 1973ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 2002ರಲ್ಲಿ ಪದ್ಮವಿಭೂಷಣ ಅವರಿಗೆ ಸಂದವು. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ತೊಂಬತ್ತಾರರ ವಯಸ್ಸಿನಲ್ಲಿ ಅವರು ತೀರಿಕೊಂಡಾಗ, ಅವರ ಇಚ್ಛೆಯಂತೆ ಕಣ್ಣುಗಳನ್ನು ದಾನಮಾಡಲಾಯಿತು. ಮೈಸೂರಿನಲ್ಲಿರುವ ರಾಜ್ಯದ ಸಂಗೀತ ವಿಶ್ವವಿದ್ಯಾನಿಲಯವು ಅವರ ಹೆಸರನ್ನು ಹೊತ್ತಿದೆ. ಆದರೂ ಅವರು ಒಂದು ಮಾತನ್ನು ಬಿಡದೆ ಹೇಳುತ್ತಿದ್ದರು: ಗಂಡಸು ಹಾಡಿದರೆ ಪಂಡಿತನೋ ಉಸ್ತಾದನೋ ಆಗುವನು, ಹೆಂಗಸು ಎಷ್ಟು ದೊಡ್ಡ ಗಾಯಕಿಯಾದರೂ ಬಾಯಿಯಾಗಿಯೇ ಉಳಿಯುವಳು ಎಂದು. ಬಿರುದುಗಳು ಬಂದ ಮೇಲೆಯೂ ಅವರು ಬಾಲ್ಯದ ಆ ಎಲೆಯ ಅಂಜಿಕೆಯನ್ನು ಮರೆಯಲಿಲ್ಲವೆಂಬುದಕ್ಕೆ ಈ ಮಾತೇ ಸಾಕ್ಷಿ.

ಎರಡನೆಯದು ವಿಜ್ಞಾನ. ಸಂಗೀತದಲ್ಲಿ ಹೆಣ್ಣಿಗೆ ಸ್ಥಾನವಿದ್ದು ಗೌರವವಿರಲಿಲ್ಲ. ವಿಜ್ಞಾನದಲ್ಲಿಯಾದರೋ ಸ್ಥಾನವೇ ಇರಲಿಲ್ಲ. ಇಂದೂರಿನಲ್ಲಿ ಹುಟ್ಟಿದ ಕಮಲಾ ಭಾಗವತ ಎಂಬ ತರುಣಿಯು 1933ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಬಿ.ಎಸ್‌ಸಿ. ಪರೀಕ್ಷೆಯಲ್ಲಿ ಅಗ್ರಸ್ಥಾನವನ್ನು ಪಡೆದರು. ಅವರ ತಂದೆಯೂ ಚಿಕ್ಕಪ್ಪನೂ ರಸಾಯನಶಾಸ್ತ್ರಜ್ಞರು. ಬೆಂಗಳೂರಿನ ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಲಿತವರು. ತಾವೂ ಅಲ್ಲಿಯೇ ಸಂಶೋಧನೆ ಮಾಡಬೇಕೆಂದು ಕಮಲಾ ಅವರು ಅರ್ಜಿ ಕಳುಹಿಸಿದರು. ಅರ್ಜಿಯು ತಿರಸ್ಕೃತವಾಯಿತು. ಅಂಕಗಳಲ್ಲಿ ಕೊರತೆಯಿದ್ದಿತೆ? ಇಲ್ಲ. ಅರ್ಜಿದಾರಳು ಹೆಂಗಸು ಎಂಬುದೇ ಕಾರಣ. ಆಗ ಸಂಸ್ಥೆಯ ನಿರ್ದೇಶಕರಾಗಿದ್ದವರು 1930ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದು ದೇಶಕ್ಕೆ ಕೀರ್ತಿ ತಂದಿದ್ದ ಸರ್ ಸಿ. ವಿ. ರಾಮನ್ನರು.

ಕಮಲಾ ಅವರು ಹಿಂದೆಗೆಯಲಿಲ್ಲ. ಬೆಂಗಳೂರಿಗೆ ಬಂದು ನಿರ್ದೇಶಕರನ್ನೇ ಕಂಡು ಕಾರಣವನ್ನು ಕೇಳಿದರು. ಅಂದು ದೇಶದಲ್ಲೆಲ್ಲ ನಡೆಯುತ್ತಿದ್ದ ಸತ್ಯಾಗ್ರಹವನ್ನೇ ನೆನೆದು, ಪ್ರವೇಶ ಕೊಡುವವರೆಗೆ ಕದಲುವುದಿಲ್ಲವೆಂದು ನಿಂತರು. ಕಡೆಗೆ ಪ್ರವೇಶವು ದೊರೆಯಿತು. ಆದರೆ ಷರತ್ತುಗಳೊಡನೆ ದೊರೆಯಿತು. ಮೊದಲ ವರ್ಷ ಅವರು ಕ್ರಮವಾದ ವಿದ್ಯಾರ್ಥಿನಿಯಲ್ಲ, ಪರೀಕ್ಷಾರ್ಥವಾಗಿ ಇರಿಸಿಕೊಂಡವರು. ಮಾರ್ಗದರ್ಶಕರು ಹೇಳಿದಾಗ ಎಷ್ಟು ಹೊತ್ತಾದರೂ ಕೆಲಸ ಮಾಡತಕ್ಕದ್ದು. ಅವರ ಇರುವಿಕೆಯಿಂದ ಪ್ರಯೋಗಶಾಲೆಯ ವಾತಾವರಣವು ಕೆಡಕೂಡದು. ಮೊದಲನೆಯ ಎರಡು ಷರತ್ತುಗಳನ್ನು ಕಷ್ಟವೆಂದು ಸಹಿಸಬಹುದು, ಮೂರನೆಯದು ಅವಮಾನ. ಗಂಡಸರ ಮನಸ್ಸು ಚಂಚಲವಾದರೆ ಅದರ ಹೊಣೆಯು ಹೆಂಗಸಿನದೆಂದು ಮೊದಲೇ ಬರೆದಿಟ್ಟಂತೆ ಆಯಿತು. ಈ ಅವಮಾನವನ್ನು ಅವರು ನುಂಗಿಕೊಂಡರು, ಮರೆಯಲಿಲ್ಲ. ಮುಪ್ಪಿನಲ್ಲಿಯೂ ಅದನ್ನು ಸಭೆಯಲ್ಲಿ ಮರೆಮಾಚದೆ ಹೇಳಿದರು.

ಇಲ್ಲಿಯೂ ಕೈಗೊಟ್ಟವರೊಬ್ಬರಿದ್ದರು. ಮಾರ್ಗದರ್ಶಕರಾದ ಎಂ. ಶ್ರೀನಿವಾಸಯ್ಯನವರು ಕಟ್ಟುನಿಟ್ಟಿನ ಗುರು. ಆದರೆ ಶಿಷ್ಯೆಯು ಹೆಂಗಸೆಂದು ಪಾಠದಲ್ಲಿ ಒಂದು ಅಕ್ಷರವನ್ನೂ ಕಡಮೆ ಮಾಡಿದವರಲ್ಲ. ಅವರ ಬಳಿ ಕಮಲಾ ಅವರು ಹಾಲು, ಬೇಳೆಕಾಳುಗಳಲ್ಲಿರುವ ಪ್ರೋಟೀನುಗಳನ್ನು ಕುರಿತು ಸಂಶೋಧನೆ ನಡೆಯಿಸಿದರು. ಬಡವರ ಮನೆಯಲ್ಲಿ ಮಾಂಸಕ್ಕೆ ಬದಲಾಗಿ ಬೇಳೆಯೇ ಬಲವನ್ನು ಕೊಡಬೇಕಾದ ದೇಶದಲ್ಲಿ ಇದು ಸಣ್ಣ ವಿಷಯವಲ್ಲ. ಒಂದು ವರ್ಷವಾಗುವಷ್ಟರಲ್ಲಿ ಅವರ ಯೋಗ್ಯತೆಯು ನಿರ್ದೇಶಕರಿಗೂ ಮನದಟ್ಟಾಗಿ, ಕ್ರಮವಾದ ಪ್ರವೇಶವು ದೊರೆಯಿತು, 1936ರಲ್ಲಿ ಎಂ.ಎಸ್‌ಸಿ. ಪದವಿಯೂ ಬಂದಿತು. ಅದಕ್ಕಿಂತ ಮಿಗಿಲಾದ ಫಲವೆಂದರೆ, ಅಂದಿನಿಂದ ಆ ಸಂಸ್ಥೆಯ ಬಾಗಿಲು ಇತರ ಸ್ತ್ರೀಯರಿಗೂ ತೆರೆಯಿತು.

ಅಲ್ಲಿಂದ ಕಮಲಾ ಅವರು ಕೇಂಬ್ರಿಜ್ ವಿಶ್ವವಿದ್ಯಾನಿಲಯಕ್ಕೆ ಹೋದರು. ಆಲೂಗಡ್ಡೆಯ ಮೇಲೆ ಪ್ರಯೋಗ ನಡೆಯಿಸುತ್ತ, ಸೈಟೋಕ್ರೋಮ್ ಸಿ ಎಂಬ ದ್ರವ್ಯವು ಸಸ್ಯಗಳ ಜೀವಕೋಶಗಳಲ್ಲಿಯೂ ಇರುವುದನ್ನು ಅವರು ತೋರಿಸಿಕೊಟ್ಟರು. ಜೀವಕೋಶವು ಆಹಾರದಿಂದ ಶಕ್ತಿಯನ್ನು ಬಿಡಿಸಿಕೊಳ್ಳುವ ಕ್ರಿಯೆಯಲ್ಲಿ ಕೈಯಿಂದ ಕೈಗೆ ದಾಟಿಸುವ ಆಳಿನಂತೆ ಕೆಲಸ ಮಾಡುವ ದ್ರವ್ಯವದು, ಕಬ್ಬಿಣದ ಅಂಶವುಳ್ಳದ್ದು. ಪ್ರಾಣಿಯೂ ಸಸ್ಯವೂ ಉಸಿರಾಡುವ ಬಗೆಯಲ್ಲಿ ಒಂದೇ ಕುಲದವು ಎಂಬ ತಿಳಿವಳಿಕೆಗೆ ಇದರಿಂದ ಪುಷ್ಟಿ ದೊರೆಯಿತು. 1939ರಲ್ಲಿ ಅವರಿಗೆ ಪಿಎಚ್.ಡಿ. ಪದವಿಯು ಬಂದಿತು. ಆ ಪ್ರಬಂಧವು ನಲವತ್ತೇ ಪುಟದ್ದು. ಹೇಳಬೇಕಾದುದು ಇದ್ದಾಗ ಪುಟಗಳು ಹೆಚ್ಚು ಬೇಕಾಗುವುದಿಲ್ಲ. ಅದೇ ವರ್ಷ ಸ್ವದೇಶಕ್ಕೆ ಮರಳಿ ದೆಹಲಿ, ಕೂನೂರುಗಳಲ್ಲಿ ಕೆಲಸ ಮಾಡಿ, 1947ರಲ್ಲಿ ಎಂ. ವಿ. ಸೊಹೊನಿ ಎಂಬವರನ್ನು ವಿವಾಹವಾಗಿ ಮುಂಬಯಿಯಲ್ಲಿ ನೆಲಸಿದರು. ಅಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿ, ಕಡೆಗೆ ನಿರ್ದೇಶಕರಾದರು. ಆ ಪದವಿಯೂ ನ್ಯಾಯವಾಗಿ ಬರಬೇಕಾದ ಕಾಲಕ್ಕೆ ಬರದೆ ತಡವಾಗಿಯೇ ಬಂದಿತು. ತಾಳೆ, ಈಚಲು ಮರಗಳಿಂದ ಇಳಿಸುವ ಹುಳಿಯದ ನೀರಾವನ್ನು ಪರೀಕ್ಷಿಸಿ, ಅದು ಬಡ ಮಕ್ಕಳಿಗೂ ಗರ್ಭಿಣಿಯರಿಗೂ ಪುಷ್ಟಿಕರವಾದ ಪಾನೀಯವೆಂದು ಅವರು ತೋರಿಸಿಕೊಟ್ಟುದಕ್ಕಾಗಿ ರಾಷ್ಟ್ರಪತಿಗಳ ಪ್ರಶಸ್ತಿಯು ಸಂದಿತು. 1998ರಲ್ಲಿ ಅವರು ಕಾಲವಾದರು.

ಒಮ್ಮೆ ತೆರೆದ ಬಾಗಿಲು ಪೂರ್ತಿ ತೆರೆದಂತಾಯಿತೆ? ಇಲ್ಲವೆಂಬುದಕ್ಕೆ ಅದೇ ಸಂಸ್ಥೆಯಲ್ಲಿ ಕೆಲವೇ ವರ್ಷಗಳ ತರುವಾಯ ರಾಮನ್ನರ ಪ್ರಯೋಗಶಾಲೆಯಲ್ಲಿಯೇ ಕೆಲಸ ಮಾಡಿದ ಅನ್ನಾ ಮಾಣಿಯವರ ಉದಾಹರಣೆಯಿದೆ. ತಿರುವಾಂಕೂರಿನ ಈ ತರುಣಿಯು ವಜ್ರಗಳಿಂದ ಹೊಮ್ಮುವ ಬೆಳಕನ್ನು ಕುರಿತು ಬಹು ತಾಳ್ಮೆಯಿಂದ ಅಭ್ಯಾಸ ಮಾಡಿ, ಐದು ಲೇಖನಗಳನ್ನು ಒಬ್ಬರೇ ಬರೆದು ಪ್ರಕಟಿಸಿದರು. 1945ರಲ್ಲಿ ಪ್ರಬಂಧವನ್ನು ಮದ್ರಾಸು ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದಾಗ, ಎಂ.ಎಸ್‌ಸಿ. ಪದವಿಯಿಲ್ಲವೆಂಬ ಕಾರಣದಿಂದ ಪಿಎಚ್.ಡಿ. ಕೊಡಲಿಲ್ಲ. ಅವರು ಕೊರಗುತ್ತ ಕೂಡಲಿಲ್ಲ. ಹವಾಮಾನ ಇಲಾಖೆಯನ್ನು ಸೇರಿ, ಮಳೆ, ಗಾಳಿ, ಬಿಸಿಲುಗಳನ್ನು ಅಳೆಯುವ ಉಪಕರಣಗಳನ್ನು ಈ ದೇಶದಲ್ಲಿಯೇ ತಯಾರಿಸುವ ಕಾರ್ಯಕ್ಕೆ ಬುನಾದಿ ಹಾಕಿ, 1976ರಲ್ಲಿ ಉಪಮಹಾನಿರ್ದೇಶಕರಾಗಿ ನಿವೃತ್ತರಾದರು. ಹೆಸರಿನ ಹಿಂದೆ ಡಾಕ್ಟರ್ ಎಂಬ ಪದವಿಲ್ಲದೆಯೇ 2001ರಲ್ಲಿ ತೀರಿಕೊಂಡರು. ವಿದ್ಯೆಯ ಮಂದಿರದಲ್ಲಿ ಒಬ್ಬಳನ್ನು ಒಳಗೆ ಬಿಟ್ಟರೆ ಸಾಲದು. ಒಳಗೆ ಬಂದವಳು ಗಳಿಸಿದುದನ್ನು ಅವಳಿಗೆ ಕೊಡಬೇಕೆಂಬುದೂ ನ್ಯಾಯ.

ಮೂರನೆಯದು ರಾಜಕಾರಣ. ಕಮಲಾದೇವಿ ಚಟ್ಟೋಪಾಧ್ಯಾಯರು 1903ನೆಯ ಇಸವಿ ಏಪ್ರಿಲ್ 3ರಂದು ಮಂಗಳೂರಿನಲ್ಲಿ ಜನಿಸಿದರು. ತಂದೆ ಅನಂತಯ್ಯ ಧಾರೇಶ್ವರರು ದೊಡ್ಡ ಸರಕಾರಿ ಅಧಿಕಾರಿಗಳು. ತಾಯಿ ಗಿರಿಜಾಬಾಯಿಯವರು ಓದು ಬಲ್ಲ, ಸ್ವತಂತ್ರ ವಿಚಾರದ ಗೃಹಿಣಿ. ಕಮಲಾದೇವಿಯವರು ಏಳು ವರ್ಷದವರಿದ್ದಾಗ ತಂದೆಯು ಮೃತ್ಯುಪತ್ರವನ್ನು ಬರೆಯದೆಯೇ ತೀರಿಕೊಂಡರು. ಅಂದಿನ ಕಾನೂನಿನಂತೆ ಆಸ್ತಿಯೆಲ್ಲವೂ ಮೊದಲನೆಯ ಹೆಂಡತಿಯ ಮಗನಿಗೆ ಹೋಯಿತು. ನಿನ್ನೆಯವರೆಗೆ ಮನೆಯೊಡತಿಯಾಗಿದ್ದ ಗಿರಿಜಾಬಾಯಿಯವರು, ಅವರು ಕೊಡುವ ಜೀವನಾಂಶವನ್ನು ಬೇಡವೆಂದು ಬಿಟ್ಟು ಮಗಳ ಕೈಹಿಡಿದು ಹೊರಬಂದರು. ಹೆಣ್ಣಿಗೆ ಕಾನೂನಿನಲ್ಲಿ ಹಕ್ಕಿಲ್ಲವೆಂದರೆ ಏನೆಂಬ ಪಾಠವು ಪುಸ್ತಕದಿಂದಲ್ಲ, ತಾಯಿಯ ಬರಿಗೈಯಿಂದ ಆ ಬಾಲಿಕೆಗೆ ತಿಳಿಯಿತು. ಎಳೆಯ ವಯಸ್ಸಿನಲ್ಲಿ ವಿವಾಹ, ಎಳೆಯ ವಯಸ್ಸಿನಲ್ಲಿಯೇ ವೈಧವ್ಯ. ಆದರೂ ತಾಯಿಯು ಮಗಳನ್ನು ಮೂಲೆಗೆ ಕೂಡಿಸದೆ ಓದಿಗೆ ಕಳುಹಿಸಿದರು. ಮದ್ರಾಸಿನಲ್ಲಿ ಓದುತ್ತಿರುವಾಗ ಕವಿಯೂ ನಾಟಕಕಾರರೂ ಆದ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಗಿ, ಜನರ ನಿಂದೆಯನ್ನು ಲೆಕ್ಕಿಸದೆ ಪುನರ್ವಿವಾಹವಾದರು.

1926ರಲ್ಲಿ ಮದ್ರಾಸು ಪ್ರಾಂತದಲ್ಲಿ ಶಾಸನಸಭೆಯ ಚುನಾವಣೆಗೆ ನಿಲ್ಲುವ ಅಧಿಕಾರವು ಸ್ತ್ರೀಯರಿಗೆ ದೊರೆಯಿತು. ಮಾರ್ಗರೆಟ್ ಕಸಿನ್ಸ್ ಅವರ ಪ್ರೇರಣೆಯಿಂದ ಕಮಲಾದೇವಿಯವರು ಸ್ಪರ್ಧಿಸಿದರು. ಪ್ರಚಾರಕ್ಕೆ ಉಳಿದಿದ್ದುದು ಕೆಲವೇ ದಿನಗಳು; ಸೋತುದೂ ಕೆಲವೇ ಮತಗಳಿಂದ. ಆ ಸೋಲು ಗೆಲುವಿಗಿಂತ ಹೆಚ್ಚಿನ ಕೆಲಸವನ್ನು ಮಾಡಿತು. ಹೆಂಗಸು ಮತ ಕೇಳಿದರೆ ಜನರು ಕೊಡುವರೆಂಬುದು ಅದರಿಂದ ಸಿದ್ಧವಾಯಿತು. ಮಾರನೆಯ ವರ್ಷ ಸ್ಥಾಪಿತವಾದ ಅಖಿಲ ಭಾರತ ಮಹಿಳಾ ಪರಿಷತ್ತಿನ ಸಂಘಟನೆಯಲ್ಲಿ ಅವರು ಅಗ್ರಗಣ್ಯರಾದರು.

1930ರಲ್ಲಿ ಉಪ್ಪಿನ ಸತ್ಯಾಗ್ರಹವು ಬಂದಿತು. ಮಹಾತ್ಮರು ದಂಡಿಗೆ ಹೊರಟ ತಂಡದಲ್ಲಿ ಸ್ತ್ರೀಯರಿರಲಿಲ್ಲ. ಹೆಂಡದ ಅಂಗಡಿ, ವಿದೇಶೀ ಬಟ್ಟೆಯ ಅಂಗಡಿಗಳ ಮುಂದೆ ನಿಂತು ಜನರ ಮನಸ್ಸನ್ನು ತಿರುಗಿಸುವ ಕೆಲಸವು ಸ್ತ್ರೀಯರಿಗೆ ಹೆಚ್ಚು ತಕ್ಕುದೆಂದು ಅವರ ಭಾವನೆ. ಕಮಲಾದೇವಿಯವರು ಮಹಾತ್ಮರನ್ನೇ ಹುಡುಕಿಕೊಂಡು ಹೋಗಿ ವಾದಿಸಿದರು. ಉಪ್ಪು ಅಡಿಗೆಮನೆಯ ವಸ್ತು. ಅದರ ತೆರಿಗೆಯ ಭಾರವು ಮೊದಲು ತಿಳಿಯುವುದು ಗೃಹಿಣಿಗೆ. ಆ ಹೋರಾಟದಿಂದ ಅವಳನ್ನೇ ಹೊರಗೆ ನಿಲ್ಲಿಸುವುದು ಹೇಗೆ ಸರಿಯಾದೀತು? ಮಹಾತ್ಮರು ಒಪ್ಪಿದರು. ಹಿರಿಯರಾದವರು ಸರಿಯಾದ ಮಾತನ್ನು ಕಿರಿಯಳಿಂದ ಕೇಳಿ ತಮ್ಮ ಮಾತನ್ನು ತಿದ್ದಿಕೊಂಡ ಈ ಸಂಗತಿಯು ಇಬ್ಬರಿಗೂ ಭೂಷಣ. ಮುಂಬಯಿಯಲ್ಲಿ ಕಾನೂನು ಮುರಿದು ಉಪ್ಪು ಮಾಡಿದ ಮೊದಲ ಸ್ತ್ರೀಯರಲ್ಲಿ ಕಮಲಾದೇವಿಯವರೂ ಅವಂತಿಕಾಬಾಯಿ ಗೋಖಲೆಯವರೂ ಇದ್ದರು. ಉಪ್ಪಿನ ಪೊಟ್ಟಣಗಳನ್ನು ಕಮಲಾದೇವಿಯವರು ಷೇರುಪೇಟೆಯೊಳಗೆ ಕೊಂಡೊಯ್ದು ಮಾರಿದರು. ನ್ಯಾಯಸ್ಥಾನಕ್ಕೂ ಹೋಗಿ, ಸ್ವಾತಂತ್ರ್ಯದ ಉಪ್ಪನ್ನು ಕೊಳ್ಳುವಿರಾ ಎಂದು ಕೇಳಿದರು. ಸೆರೆಮನೆಯು ಪ್ರಾಪ್ತವಾಯಿತು. ಆ ವರ್ಷ ದೇಶದಲ್ಲೆಲ್ಲ ಸಾವಿರಾರು ಮಂದಿ ಸ್ತ್ರೀಯರು ಹೊಸ್ತಿಲು ದಾಟಿ ಬೀದಿಗೆ ಬಂದರು.

ಸ್ವಾತಂತ್ರ್ಯವು ಬಂದ ಮೇಲೆ ಕಮಲಾದೇವಿಯವರು ಅಧಿಕಾರದ ಪೀಠಗಳ ಕಡೆಗೆ ತಿರುಗಲಿಲ್ಲ. ದೇಶವಿಭಜನೆಯಿಂದ ಮನೆಮಠಗಳನ್ನು ಕಳೆದುಕೊಂಡು ಬಂದವರಿಗಾಗಿ 1948ರಲ್ಲಿ ಸಹಕಾರ ಸಂಘಟನೆಯನ್ನು ಕಟ್ಟಿ, ದೆಹಲಿಯ ಬಳಿಯ ಫರೀದಾಬಾದಿನಲ್ಲಿ ನಿರಾಶ್ರಿತರ ಊರನ್ನು ಕಟ್ಟುವ ಕೆಲಸಕ್ಕೆ ನಿಂತರು. 1952ರಿಂದ ಕರಕುಶಲ ಕಲೆಗಳ ಅಖಿಲ ಭಾರತ ಮಂಡಲಿಯ ಅಧ್ಯಕ್ಷರಾಗಿ, ನೇಕಾರ, ಕುಂಬಾರ, ಬಡಗಿ, ಕಮ್ಮಾರರ ಕೇರಿಗಳನ್ನು ತಿರುಗಿ, ನಶಿಸುತ್ತಿದ್ದ ಕಸಬುಗಳಿಗೆ ಮಾರುಕಟ್ಟೆಯನ್ನು ಒದಗಿಸಿದರು. ಕೈಕೆಲಸದವನಿಗೆ ಅನ್ನವೂ ಮಾನವೂ ಒಟ್ಟಿಗೆ ದೊರೆಯಬೇಕೆಂಬುದು ಅವರ ರಾಜಕಾರಣದ ಸಾರ. ಕಾಯಕಕ್ಕೆ ಗೌರವ ಕೊಡುವ ಈ ನಾಡಿನವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಅವರಿಗೆ ಬಂದುವು. 1988ರಲ್ಲಿ ಅವರು ತೀರಿಕೊಂಡರು. ಗಿರಿಜಾಬಾಯಿಯವರ ಬರಿಗೈಗೆ ಉತ್ತರವಾಗಿ 1956ರಲ್ಲಿ ಹಿಂದೂ ಉತ್ತರಾಧಿಕಾರದ ಕಾನೂನು ಬಂದಿತು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳೊಡನೆ ಸಮಭಾಗವು ಕರ್ನಾಟಕದಲ್ಲಿ 1994ರಲ್ಲಿಯೂ ದೇಶದಲ್ಲೆಲ್ಲ 2005ರಲ್ಲಿಯೂ ಕಾನೂನಾಯಿತು. ಕಾನೂನು ಪುಸ್ತಕದಲ್ಲಿ ಬಂದುದು ಮನೆಮನೆಯ ಪಾಲುಪಟ್ಟಿಯಲ್ಲಿಯೂ ಬಂದಿದೆಯೆ ಎಂಬುದನ್ನು ಅವರವರ ಮನಸ್ಸಾಕ್ಷಿಯೇ ಹೇಳಬೇಕು.

ನಾಲ್ಕನೆಯದು ಕ್ರೀಡೆ. ಇದನ್ನು ಕುರಿತು ಸಂಕ್ಷೇಪವಾಗಿ ಹೇಳಿದರೆ ಸಾಕು. ಏತಕ್ಕೆಂದರೆ ಕತೆಯು ಅದೇ, ಅಂಗಳ ಮಾತ್ರ ಬೇರೆ. 1954ರಲ್ಲಿ ಮದ್ರಾಸಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬೆಳೆದ ಶಾಂತಾ ರಂಗಸ್ವಾಮಿಯವರು ಕೂಡುಕುಟುಂಬದ ಮನೆಯಂಗಳದಲ್ಲಿ ಅಣ್ಣತಮ್ಮಂದಿರು ಅಕ್ಕತಂಗಿಯರೊಡನೆ ಚೆಂಡಾಟವನ್ನು ಕಲಿತರು. ಹುಡುಗಿಗೆ ಇದೇಕೆಂದು ಮನೆಯವರು ದಾಂಡನ್ನು ಕಸಿದುಕೊಳ್ಳಲಿಲ್ಲವೆಂಬುದೇ ಇಲ್ಲಿ ಕೈಗೊಟ್ಟಂತಾಯಿತು. ಮಹಿಳೆಯರ ಕ್ರಿಕೆಟ್ ಸಂಘವು ಈ ದೇಶದಲ್ಲಿ ಹುಟ್ಟಿದ್ದೇ 1973ರಲ್ಲಿ. ಆಟಗಾರ್ತಿಯರು ರೈಲಿನಲ್ಲಿ ಕಾದಿರಿಸದ ಡಬ್ಬಿಗಳಲ್ಲಿ ಪ್ರಯಾಣ ಮಾಡುವರು. ಹಾಸಿಗೆಯನ್ನು ತಾವೇ ಹೊತ್ತು ಸಾಗಿಸುವರು. ನೆಲದ ಮೇಲೆ ಮಲಗುವರು. ಇದ್ದ ಕೆಲವು ದಾಂಡುಗಳನ್ನೇ ಒಬ್ಬರಿಂದ ಒಬ್ಬರು ಪಡೆದು ಆಡುವರು. ಹಣವಿಲ್ಲ, ಹೆಸರಿಲ್ಲ, ಆಟದ ಪ್ರೀತಿಯೊಂದೇ ಬಂಡವಾಳ.

1976ರಲ್ಲಿ ವೆಸ್ಟ್ ಇಂಡೀಸಿನ ಮಹಿಳೆಯರು ಬಂದಾಗ ಭಾರತದ ಮಹಿಳೆಯರು ಮೊತ್ತಮೊದಲ ಟೆಸ್ಟ್ ಪಂದ್ಯವನ್ನು ಬೆಂಗಳೂರಿನಲ್ಲಿ ಆಡಿದರು. ನಾಯಕಿಯು ಶಾಂತಾ ಅವರು. ಅದೇ ಸರಣಿಯಲ್ಲಿ ಪಾಟ್ನಾದಲ್ಲಿ ಕಿಕ್ಕಿರಿದ ಪ್ರೇಕ್ಷಕರ ಎದುರಿಗೆ ಭಾರತಕ್ಕೆ ಮೊದಲ ಜಯವು ದೊರೆಯಿತು. ಆ ವರ್ಷದ ಅರ್ಜುನ ಪ್ರಶಸ್ತಿಯು ಅವರಿಗೆ ಸಂದಿತು. ಕ್ರಿಕೆಟ್ಟಿಗಾಗಿ ಅದನ್ನು ಪಡೆದ ಮೊದಲ ಮಹಿಳೆ ಅವರೇ. 1977ರಲ್ಲಿ ನ್ಯೂಜಿಲೆಂಡಿನ ಡನೀಡಿನ್ನಿನಲ್ಲಿ 108 ಓಟಗಳನ್ನು ಗಳಿಸಿ, ಟೆಸ್ಟ್ ಪಂದ್ಯದಲ್ಲಿ ಶತಕ ಹೊಡೆದ ಮೊದಲ ಭಾರತೀಯ ಮಹಿಳೆಯಾದರು. ಆದರೂ ಪುರುಷರ ಆಟವನ್ನು ನಡೆಯಿಸುವ ಮಂಡಲಿಯು ಮಹಿಳೆಯರ ಆಟವನ್ನು ತನ್ನ ಆಶ್ರಯಕ್ಕೆ ತೆಗೆದುಕೊಂಡುದು ಮೂವತ್ತು ವರ್ಷಗಳ ಮೇಲೆ, 2006ರಲ್ಲಿ. 2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ಹರ್ಮನ್‌ಪ್ರೀತ್ ಕೌರ್ ಅವರ ನಾಯಕತ್ವದ ತಂಡವು ದಕ್ಷಿಣ ಆಫ್ರಿಕಾವನ್ನು 52 ಓಟಗಳಿಂದ ಸೋಲಿಸಿ ವಿಶ್ವಕಪ್ಪನ್ನು ಗೆದ್ದಾಗ ದೇಶವೆಲ್ಲ ಹಬ್ಬ ಮಾಡಿತು. ಆ ಹಬ್ಬದ ಅಡಿಪಾಯದಲ್ಲಿ ರೈಲಿನ ನೆಲದ ಮೇಲೆ ಮಲಗಿ ಬಂದವರ ಕಷ್ಟವಿದೆಯೆಂಬುದನ್ನು ಮರೆಯಬಾರದು.

ಈ ನಾಲ್ಕು ಜೀವನಗಳನ್ನು ಒಟ್ಟಿಗೆ ನೋಡಿದಾಗ ಮೂರು ಸಂಗತಿಗಳು ಸ್ಪಷ್ಟವಾಗುವುವು.

ಮೊದಲನೆಯದು: ಇವರಲ್ಲಿ ಯಾರಿಗೂ ಶಕ್ತಿಯ ಕೊರತೆಯಿರಲಿಲ್ಲ, ಇದ್ದುದು ಅವಕಾಶದ ಕೊರತೆ. ಹಾಗಾದರೆ ಅಡ್ಡಿಯನ್ನು ದಾಟಿ ಬಂದ ಈ ಕೆಲವರನ್ನು ಹೊಗಳುವಾಗ, ದಾಟಲಾರದೆ ಹಿಂದೆಯೇ ಉಳಿದವರನ್ನೂ ನೆನೆಯಬೇಕು. ನಿರ್ದೇಶಕರ ಕೋಣೆಯಲ್ಲಿ ಪಟ್ಟುಹಿಡಿದು ನಿಲ್ಲುವ ಧೈರ್ಯವು ಎಲ್ಲರಿಗೂ ಇರುವುದಿಲ್ಲ; ಇರಬೇಕೆಂದು ಕೇಳುವುದೂ ನ್ಯಾಯವಲ್ಲ. ಬುದ್ಧಿಯಿದ್ದು ಸಂಕೋಚದ ಸ್ವಭಾವವಿದ್ದ ಹುಡುಗಿಗೂ ವಿದ್ಯೆಯು ದೊರೆಯತಕ್ಕದ್ದು. ಗಂಡುಹುಡುಗನಿಗೆ ಓದಲು ಬುದ್ಧಿಯೊಂದೇ ಸಾಕೆಂದ ಮೇಲೆ, ಹೆಣ್ಣುಹುಡುಗಿಗೆ ಬುದ್ಧಿಯ ಜೊತೆಗೆ ವೀರತ್ವವೂ ಬೇಕೆಂದು ಏಕೆ ಕೇಳಬೇಕು?

ಎರಡನೆಯದು: ನಾಲ್ವರಿಗೂ ಹತ್ತಿರದವರೊಬ್ಬರು ಕೈಗೊಟ್ಟರು. ಅಂಬಾಬಾಯಿ, ಶ್ರೀನಿವಾಸಯ್ಯ, ಗಿರಿಜಾಬಾಯಿ, ದಾಂಡನ್ನು ಕಸಿದುಕೊಳ್ಳದ ಮನೆಮಂದಿ. ಇವರಿಗೆ ಪ್ರಶಸ್ತಿಗಳಿಲ್ಲ, ಇವರ ಜಯಂತಿಗಳು ನಡೆಯುವುದಿಲ್ಲ. ಪ್ರಸಿದ್ಧರಾಗುವುದು ಕೆಲವರ ಭಾಗ್ಯ; ಹೀಗೆ ಕೈಗೊಡುವುದು ಈ ಸಭೆಯಲ್ಲಿರುವ ಪ್ರತಿಯೊಬ್ಬರಿಗೂ ಸಾಧ್ಯ. ಹತ್ತನೆಯ ತರಗತಿ ಮುಗಿಸಿದ ಮಗಳು ಮುಂದೆ ಓದುವೆನೆಂದಾಗ ತಂದೆಯು ಹೇಳುವ ಒಂದು ಮಾತು, ಸೊಸೆಯು ಹಾಡಲು ಕುಳಿತಾಗ ಅತ್ತೆಯು ತೆಗೆದುಕೊಳ್ಳುವ ಒಂದು ಮನೆಗೆಲಸ, ಮೊಮ್ಮಗಳು ಬಯಲಿಗೆ ಓಡಿದಾಗ ಅಜ್ಜಿಯು ನುಂಗಿಕೊಳ್ಳುವ ಒಂದು ಗದರಿಕೆ, ಇಷ್ಟೇ ಸಾಕು.

ಮೂರನೆಯದು: ಮೊದಲಿಗಳಾಗಿ ಒಳಹೊಕ್ಕವಳಿಗೆ ಸಲ್ಲಿಸುವ ನಿಜವಾದ ಸನ್ಮಾನವೆಂದರೆ ಹಾರ ತುರಾಯಿಗಳಲ್ಲ, ಅವಳ ಹಿಂದೆ ಬರುವವಳನ್ನು ಮತ್ತೆ ಅದೇ ಪರೀಕ್ಷೆಗೆ ಗುರಿಮಾಡದಿರುವುದು. ಒಮ್ಮೆ ಸಿದ್ಧವಾದುದನ್ನು ಪ್ರತಿಯೊಂದು ತಲೆಮಾರಿನಲ್ಲಿಯೂ ಪ್ರತಿಯೊಬ್ಬ ಮಗಳೂ ಹೊಸದಾಗಿ ಸಿದ್ಧಮಾಡಿ ತೋರಿಸಬೇಕೆಂದರೆ, ಹನ್ನೆರಡನೆಯ ಶತಮಾನದ ಆ ಸಮೂಹವು ವ್ಯರ್ಥವಾಗಿ ಬಂದು ಹೋದಂತಾಗುವುದು. ಮಹೋತ್ಸವದ ದೀಪಗಳು ಇನ್ನು ಕೆಲವು ದಿನಗಳಲ್ಲಿ ಆರುವುವು. ಬಂದವರು ತಮ್ಮ ತಮ್ಮ ಊರುಗಳಿಗೆ ಮರಳುವರು. ಮರಳಿದ ಮನೆಯಲ್ಲಿ ಹೆಣ್ಣುಮಗಳೊಬ್ಬಳು ಏನನ್ನಾದರೂ ಕೇಳಲು ಬಾಯಿ ತೆರೆದು, ಬೈಗುಳಕ್ಕೆ ಅಂಜಿ ಸುಮ್ಮನಾಗಿರಬಹುದು. ಅವಳನ್ನು ಹತ್ತಿರಕ್ಕೆ ಕರೆದು, ಏನವ್ವಾ, ಏನು ಬೇಕು ಎಂದು ಕೇಳಿದರೆ ಈ ಗೋಷ್ಠಿಯು ಸಾರ್ಥಕವಾದಂತೆಯೇ ಸರಿ.